ಗೃಹಸಾಲ, ಸೆಪ್ಟಿಕ್ ಟ್ಯಾಂಕು, 12 ಮೀಟರ್: ಕಣಕುಂಬಿಯ ಲೆಕ್ಕ

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ದಾರಿ ಹಿಡಿದರೆ ಸುಮಾರು 50 ಕಿ.ಮೀ. ದೂರದಲ್ಲಿ ಕಣಕುಂಬಿ ಸಿಗುತ್ತದೆ. ಖಾನಾಪುರ ತಾಲ್ಲೂಕಿನ ಈ ಊರು ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿದೆ. ಮಾವುಲಿ ದೇವಿಯ ಗುಡಿಯ ಬಳಿ ಹುಟ್ಟುವ ಮಲಪ್ರಭೆ 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಡುವೆ ನವಿಲುತೀರ್ಥದಲ್ಲಿ 37.73 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯವಿದೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಲ್ಲಿ ಬರುವುದು ಈ ನೀರೇ.

ನದಿ ಹುಟ್ಟುವ ಊರಲ್ಲಿ ಒಬ್ಬರು ಮನೆ ಕಟ್ಟಲು ಬ್ಯಾಂಕಿನ ಸಾಲ ಕೇಳುತ್ತಾರೆ. ಊರಲ್ಲಿ ಒಳಚರಂಡಿ ಇಲ್ಲ. ಮನೆಯ ಮಲಿನ ನೀರೆಲ್ಲ ಅಂಗಳದ ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿಂದ ಇಂಗುಗುಂಡಿಗೆ, ಅಲ್ಲಿಂದ ನೆಲಕ್ಕೆ ಹೋಗಬೇಕು. ಅದೇ ನೆಲದೊಳಗೆ ಬಾವಿಯ ಸೆಲೆಯೂ ಇದೆ. ಗೋಡೆ, ಛಾವಣಿ, ಬಾಗಿಲು, ಟೈಲ್ಸ್ ಎಲ್ಲದರ ಬೆಲೆ ಕಟ್ಟುವ ಸಾಲದ ಕಡತದಲ್ಲಿ ಈ ಟ್ಯಾಂಕಿನ ಅಳತೆ ಕೇಳುವವರು ಯಾರು? ಕೇಳಿದರೆ ಎಷ್ಟು ಜಾಗ, ಎಷ್ಟು ಇಟ್ಟಿಗೆ, ತಿಂಗಳಿಗೆ ಎಷ್ಟು ಕಂತು? ಇಲ್ಲಿರುವುದು ಆ ಲೆಕ್ಕ. ಬ್ಯಾಂಕು ಮತ್ತು ಸಾಲಗಾರ ಇಬ್ಬರೂ ಅದನ್ನು ಅಡಿಪಾಯ ತೋಡುವ ಮೊದಲೇ ಮಾಡಬೇಕು ಎಂಬುದು ಈ ವರದಿಯ ಒತ್ತಾಯ.

ಬ್ಯಾಂಕು ಏನು ಕೇಳುತ್ತದೆ

ಗೃಹಸಾಲ ಎಷ್ಟು ಕೊಡಬಹುದು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಇದೆ. 30 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಮೌಲ್ಯದ ಶೇ 90ರವರೆಗೆ, 30 ಲಕ್ಷದಿಂದ 75 ಲಕ್ಷದವರೆಗೆ ಶೇ 80, ಅದಕ್ಕೆ ಮೇಲ್ಪಟ್ಟು ಶೇ 75. ಉಳಿದದ್ದು ಸಾಲಗಾರನ ಕೈಯಿಂದ ಬರಬೇಕು. ಆದ್ದರಿಂದ ಎಲ್ಲವೂ ನಿಂತಿರುವುದು ಮೌಲ್ಯದ ಮೇಲೆ. ಆ ಮೌಲ್ಯ ಹೇಳುವವರು ಬ್ಯಾಂಕಿನ ಪಟ್ಟಿಯಲ್ಲಿರುವ ವ್ಯಾಲ್ಯುಯರ್.

ನಮ್ಮ ಬ್ಯಾಂಕುಗಳಲ್ಲಿ ಚಾಲ್ತಿಯಲ್ಲಿರುವ ಮೌಲ್ಯಮಾಪನ ನಮೂನೆಯಲ್ಲಿ ಚರಂಡಿಯ ವಿಷಯ ಎರಡು ಕಡೆ ಬರುತ್ತದೆ. ಜಾಗದ ಗುಣಲಕ್ಷಣದ ಭಾಗದಲ್ಲಿ ರಸ್ತೆಯ ಅಗಲ 20 ಅಡಿಗಿಂತ ಹೆಚ್ಚೋ ಕಡಿಮೆಯೋ, ಮಳೆಯಲ್ಲಿ ಮುಳುಗುವ ಜಾಗವೋ, ನೀರಿನ ಲಭ್ಯತೆ ಹೇಗೆ, ವಿದ್ಯುತ್ ಇದೆಯೇ ಎಂಬ ಪ್ರಶ್ನೆಗಳ ನಡುವೆ ‘ಒಳಚರಂಡಿ ವ್ಯವಸ್ಥೆ’ ಎಂಬ ಒಂದು ಸಾಲು. ಕೊನೆಗೆ ‘ಸೇವೆಗಳು’ ಎಂಬ ಭಾಗದಲ್ಲಿ ನೀರು ಸರಬರಾಜು, ಚರಂಡಿ ವ್ಯವಸ್ಥೆ, ಕಾಂಪೌಂಡ್ ಗೋಡೆ, ವಿದ್ಯುತ್ ಠೇವಣಿ, ನೆಲಹಾಸು ಇವುಗಳಿಗೆ ರೂಪಾಯಿ ಲೆಕ್ಕದಲ್ಲಿ ಬೆಲೆ ಹಾಕುವ ಸಾಲುಗಳು. ಮೊದಲ ಸಾಲಿಗೆ ‘ಇಲ್ಲ, ಸೆಪ್ಟಿಕ್ ಟ್ಯಾಂಕ್’ ಎಂದು ಬರೆದರೆ ಉತ್ತರ ಮುಗಿಯುತ್ತದೆ. ಎಷ್ಟು ಲೀಟರಿನದು, ಬಾವಿಯಿಂದ ಎಷ್ಟು ದೂರ, ಇಂಗುಗುಂಡಿ ಇದೆಯೇ ಎಂದು ನಮೂನೆ ಕೇಳುವುದಿಲ್ಲ.

ಕೇಳುವ ಅಧಿಕಾರ ಬ್ಯಾಂಕಿಗೆ ಇಲ್ಲವೆಂದೇನೂ ಅಲ್ಲ. ಸ್ವಂತ ಜಾಗದಲ್ಲಿ ಮನೆ ಕಟ್ಟುವವರಿಗೆ ಸಾಲ ಮಂಜೂರು ಮಾಡುವ ಮೊದಲು ಅನುಮೋದಿತ ನಕ್ಷೆಯ ಪ್ರತಿ ಪಡೆಯಬೇಕು, ನಕ್ಷೆ ಮೀರುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಳ್ಳಬೇಕು, ಬ್ಯಾಂಕು ನೇಮಿಸಿದ ವಾಸ್ತುಶಿಲ್ಪಿ ಹಂತ ಹಂತದಲ್ಲಿ ಕೆಲಸ ನೋಡಿ ನಕ್ಷೆಯಂತೆಯೇ ನಡೆದಿದೆ ಎಂದು ಪ್ರಮಾಣೀಕರಿಸಬೇಕು, ಕಟ್ಟಡ ಮುಗಿದ 3 ತಿಂಗಳೊಳಗೆ ಪೂರ್ಣತಾ ಪ್ರಮಾಣಪತ್ರ ತರಬೇಕು ಎಂದು ರಿಸರ್ವ್ ಬ್ಯಾಂಕಿನ ಗೃಹಸಾಲ ಸುತ್ತೋಲೆ ಹೇಳುತ್ತದೆ. ಬ್ಯಾಂಕುಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಅನುಸರಿಸಬೇಕೆಂಬ ಸೂಚನೆಯೂ ಅದರಲ್ಲಿದೆ. ಕೃಷಿಯೇತರ ಬಳಕೆಯ (ಎನ್‌ಎ) ಆದೇಶ, ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಪಂಚಾಯ್ತಿಯ ಕಟ್ಟಡ ಪರವಾನಗಿ ಇವನ್ನೆಲ್ಲ ಒಂದೊಂದಾಗಿ ಪರಿಶೀಲಿಸುವ ಶಾಖೆಗೆ ನಕ್ಷೆಯ ಮೂಲೆಯಲ್ಲಿ ಗುರುತಿಸಿದ ಟ್ಯಾಂಕನ್ನು ನೋಡುವುದು ಹೆಚ್ಚಿನ ಕೆಲಸವಲ್ಲ.

ಅಮೆರಿಕದಲ್ಲಿ ಇದು ಸಾಲದ ಷರತ್ತೇ ಆಗಿದೆ. ಅಲ್ಲಿನ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ವಿಮೆ ನೀಡುವ ಗೃಹಸಾಲಗಳಲ್ಲಿ ಮನೆಗೆ ಸ್ವಂತ ಬಾವಿ ಇದ್ದರೆ ಅದು ಸೆಪ್ಟಿಕ್ ಟ್ಯಾಂಕಿನಿಂದ 50 ಅಡಿ, ನೀರು ಇಂಗಿಸುವ ಜಾಗದಿಂದ 100 ಅಡಿ ದೂರವಿರಬೇಕು. ಸ್ಥಳೀಯ ಆರೋಗ್ಯ ಇಲಾಖೆ ಒಪ್ಪಿದರೆ 100 ಅಡಿ 75ಕ್ಕೆ ಇಳಿಯುತ್ತದೆ. ಸಾರ್ವಜನಿಕ ಒಳಚರಂಡಿಗೆ ನ್ಯಾಯವಾದ ಖರ್ಚಿನಲ್ಲಿ ಸೇರಿಸಬಹುದಾದರೆ ಸೇರಿಸಲೇಬೇಕು.

12 ಮೀಟರ್ ಎಲ್ಲಿಂದ ತರುವುದು

ನಮ್ಮಲ್ಲಿಯೂ ಅಂಕಿ ಇದೆ. ಕೇಂದ್ರ ಸರ್ಕಾರದ 2016ರ ಮಾದರಿ ಕಟ್ಟಡ ಉಪವಿಧಿಗಳ ಪ್ರಕಾರ ಸೆಪ್ಟಿಕ್ ಟ್ಯಾಂಕಿನ ನೀರನ್ನು ನೆಲಕ್ಕೆ ಇಂಗಿಸುವ ಗುಂಡಿ ಅಥವಾ ಕಾಲುವೆ ಕುಡಿಯುವ ನೀರಿನ ಬಾವಿಗೆ 12 ಮೀಟರಿಗಿಂತ ಹತ್ತಿರ ಇರಬಾರದು. ವಾಸದ ಕಟ್ಟಡಕ್ಕೆ 2 ಮೀಟರಿಗಿಂತ ಹತ್ತಿರ ಇರಬಾರದು. ಬಾವಿಯ ಅಂತರ ರೋಗಾಣು ತಡೆಯಲಿಕ್ಕೆ, ಕಟ್ಟಡದ ಅಂತರ ಅಡಿಪಾಯ ಉಳಿಸಲಿಕ್ಕೆ.

12 ಮೀಟರ್ ಎಂದರೆ 39 ಅಡಿ 4 ಇಂಚು. ನಮ್ಮ ಸೈಟುಗಳಲ್ಲಿ ಅದು ಹಿಡಿಯುತ್ತದೆಯೇ? 6 ಅಡಿ ವ್ಯಾಸದ ತೆರೆದ ಬಾವಿಯನ್ನು ಒಂದು ಮೂಲೆಗೆ, 3 ಅಡಿ ವ್ಯಾಸದ ಇಂಗುಗುಂಡಿಯನ್ನು ಕರ್ಣದ ಇನ್ನೊಂದು ಮೂಲೆಗೆ, ಎರಡನ್ನೂ ಗಡಿಗೆ ತಾಗಿಸಿ ಇಟ್ಟೆವು ಎಂದುಕೊಳ್ಳೋಣ. ಇದಕ್ಕಿಂತ ಹೆಚ್ಚಿನ ದೂರ ಆ ಸೈಟಿನಲ್ಲಿ ಸಿಗುವುದಿಲ್ಲ. ಅಂಚಿನಿಂದ ಅಂಚಿಗೆ ಉಳಿಯುವ ಅಂತರ ಹೀಗಿದೆ:

- 20×30 ಅಡಿ ಸೈಟು: 7.7 ಮೀಟರ್
- 33×33 ಅಡಿ, ಅಂದರೆ ಒಂದು ಗುಂಟೆ: 10.9 ಮೀಟರ್
- 30×40 ಅಡಿ: 11.95 ಮೀಟರ್
- 40×60 ಅಡಿ: 18.7 ಮೀಟರ್

ಸಾಲ ಪಡೆದು ಕಟ್ಟುವವರ ಕಣ್ಣಿಗೆ ಮೊದಲು ಬೀಳುವ 30×40ರ ಸೈಟು, ತೆರೆದ ಬಾವಿ ಇದ್ದರೆ, 5 ಸೆಂ.ಮೀ. ಕಡಿಮೆ ಬೀಳುತ್ತದೆ. ಒಂದು ಗುಂಟೆಯ ಜಾಗದಲ್ಲಿ ಒಂದು ಮೀಟರಿಗೂ ಹೆಚ್ಚಿನ ಕೊರತೆ. 20×30ರಲ್ಲಿ ಏನು ಮಾಡಿದರೂ ಆಗದು. ಇದು ಸ್ವಂತ ಬಾವಿಯ ಲೆಕ್ಕ ಮಾತ್ರ. ಬೇಲಿಯ ಆಚೆ ನೆರೆಯವರ ಬಾವಿ ಇದ್ದರೆ ಅದಕ್ಕೂ ಇದೇ ಅಂತರ ಬೇಕು. ನಮ್ಮ ನಕ್ಷೆಗಳಲ್ಲಿ ನೆರೆಯವರ ಬಾವಿ ಕಾಣುವುದಿಲ್ಲ, ಏಕೆಂದರೆ ನಕ್ಷೆ ನಮ್ಮ ಗಡಿಗೆ ನಿಲ್ಲುತ್ತದೆ. ನೆಲದೊಳಗಿನ ನೀರು ಅಲ್ಲಿಗೆ ನಿಲ್ಲುವುದಿಲ್ಲ. ವ್ಯಾಲ್ಯುಯರ್ ಸ್ಥಳಕ್ಕೆ ಬಂದಾಗ ಟೇಪು ಹಿಡಿದು ಸುತ್ತಲಿನ ಬಾವಿಗಳವರೆಗೆ ಅಳೆದರೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ 20 ವರ್ಷದ ನೀರನ್ನು ಕಾಯುತ್ತದೆ.

ಸೆಪ್ಟಿಕ್ ಟ್ಯಾಂಕಿಗೆ ಬದಲಾಗಿ ಸ್ವಚ್ಛ ಭಾರತದ ಎರಡು ಗುಂಡಿಯ ಶೌಚಾಲಯ ಕಟ್ಟುವವರಿಗೆ ಅಂತರದ ನಿಯಮ ಬೇರೆ. ಗುಂಡಿಯ ತಳದಿಂದ ಅಂತರ್ಜಲದ ಅತಿ ಎತ್ತರದ ಮಟ್ಟ ವರ್ಷವಿಡೀ 2 ಮೀಟರ್ ಕೆಳಗೇ ಇದ್ದು ಮಣ್ಣು ಸಣ್ಣ ಕಣದ್ದಾಗಿದ್ದರೆ 3 ಮೀಟರ್ ಅಂತರ ಸಾಕು. ನೀರು ಅದಕ್ಕಿಂತ ಮೇಲೆ ಬರುವ ಕಡೆ 10 ಮೀಟರ್ ಬೇಕು. ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಎಟಕುವಷ್ಟು ಮೇಲೆ ಬರುವ ಖಾನಾಪುರದ ಪಶ್ಚಿಮ ಭಾಗದಲ್ಲಿ ಹಿಡಿಯಬೇಕಾದದ್ದು ಈ ಎರಡನೆಯ ಅಂಕಿ.

ಎಷ್ಟು ದೊಡ್ಡ ಟ್ಯಾಂಕು

ಕನಿಷ್ಠ ಅಳತೆಗಳು ಸರಳ. ಒಳ ಅಗಲ 75 ಸೆಂ.ಮೀ.ಗಿಂತ ಕಡಿಮೆ ಇರಬಾರದು, ನೀರಿನ ಮಟ್ಟದಿಂದ ಕೆಳಗೆ 1 ಮೀಟರ್ ಆಳ ಇರಲೇಬೇಕು, ಉದ್ದ ಅಗಲದ 2ರಿಂದ 4 ಪಟ್ಟು. ಭಾರತೀಯ ಮಾನಕ ಐಎಸ್ 2470ರ ಪ್ರಕಾರ ಯಾವ ಟ್ಯಾಂಕೂ 1,000 ಲೀಟರಿಗಿಂತ ಚಿಕ್ಕದಿರಬಾರದು. ಕೇಂದ್ರದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಕೈಪಿಡಿ, 3 ವರ್ಷಕ್ಕೊಮ್ಮೆ ಹೂಳು ತೆಗೆಯುವ ಲೆಕ್ಕದಲ್ಲಿ, ಬಳಸುವವರ ಸಂಖ್ಯೆಗೆ ತಕ್ಕಂತೆ ಕೊಡುವ ಅಳತೆ ಇದು (ಉದ್ದ × ಅಗಲ × ನೀರಿನ ಆಳ, ಮೀಟರಿನಲ್ಲಿ):

- 5 ಜನ: 1.5 × 0.75 × 1.05, ಸುಮಾರು 1,180 ಲೀಟರ್
- 10 ಜನ: 2.0 × 0.9 × 1.4, ಅಂದರೆ 2,520 ಲೀಟರ್
- 15 ಜನ: 2.0 × 0.9 × 2.0, ಅಂದರೆ 3,600 ಲೀಟರ್
- 20 ಜನ: 2.3 × 1.1 × 1.8, ಸುಮಾರು 4,550 ಲೀಟರ್

ನೀರಿನ ಮೇಲೆ 30 ಸೆಂ.ಮೀ. ಖಾಲಿ ಜಾಗ ಬೇರೆ ಬಿಡಬೇಕು. ಗಾಳಿಕೊಳವೆ ಕನಿಷ್ಠ 50 ಮಿ.ಮೀ. ವ್ಯಾಸದ್ದಾಗಿರಬೇಕು. ಟ್ಯಾಂಕು ಮನೆಯಿಂದ 15 ಮೀಟರಿಗಿಂತ ಹತ್ತಿರ ಇದ್ದರೆ ಕೊಳವೆ ಮನೆಯ ನೆತ್ತಿಗಿಂತ 2 ಮೀಟರ್ ಮೇಲೆ ಹೋಗಬೇಕು.

ಇವತ್ತು ಮನೆಯಲ್ಲಿ 5 ಜನ ಇದ್ದರೂ 10 ಜನರ ಟ್ಯಾಂಕೇ ಕಟ್ಟಿಸುವುದು ಲೇಸು. ಸಾಲದ ಅವಧಿ 20 ವರ್ಷ. ಅಷ್ಟರಲ್ಲಿ ಮನೆಗೆ ಸೊಸೆ ಬರುತ್ತಾಳೆ, ಮೊಮ್ಮಕ್ಕಳು ಬರುತ್ತಾರೆ, ಜಾತ್ರೆಗೆ ಬೀಗರು ಬಂದು ಇಳಿಯುತ್ತಾರೆ. ಚೋರ್ಲಾ ಘಾಟಿನ ಹಸಿರು ನೋಡಲು ಬರುವವರಿಗೆ ಎರಡು ಕೋಣೆ ಬಾಡಿಗೆಗೆ ಕೊಡುವ ಆಲೋಚನೆ ಇದ್ದರಂತೂ 20 ಜನರ ಅಳತೆಯನ್ನೇ ನೋಡಬೇಕು. 5 ಜನರ ಟ್ಯಾಂಕಿಗೆ 20 ಜನರ ನೀರು ಬಿಟ್ಟರೆ ಹೂಳು ಕೂರಲು ಸಮಯ ಸಿಗದೆ ಮಲವೇ ಇಂಗುಗುಂಡಿಗೆ ತಳ್ಳಿಕೊಂಡು ಹೋಗುತ್ತದೆ. ಗುಂಡಿ ಕಟ್ಟಿಕೊಂಡ ಮೇಲೆ ಅದನ್ನು ಸರಿಮಾಡುವ ಉಪಾಯವಿಲ್ಲ, ಹೊಸದನ್ನೇ ತೋಡಬೇಕು.

ಸಾಮಾನಿನ ಪಟ್ಟಿ

10 ಜನರ ಟ್ಯಾಂಕಿಗೆ ಗೌಂಡಿ ಕೊಡುವ ಮೊತ್ತ ಸರಿಯೇ ಎಂದು ನೋಡಲು ಪ್ರಮಾಣ ಗೊತ್ತಿರಬೇಕು. ದರ ಊರಿಂದ ಊರಿಗೆ, ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ಪ್ರಮಾಣ ಬದಲಾಗದು. 9 ಇಂಚಿನ ಗೋಡೆ, ಒಳ ಆಳ 1.7 ಮೀಟರ್, ತಳಕ್ಕೆ 15 ಸೆಂ.ಮೀ. ಕಾಂಕ್ರೀಟ್, ಅದು ಗೋಡೆಯಿಂದ ಸುತ್ತಲೂ 15 ಸೆಂ.ಮೀ. ಹೊರಕ್ಕೆ, ಮೇಲೆ 10 ಸೆಂ.ಮೀ. ಸ್ಲ್ಯಾಬು ಎಂದು ಹಿಡಿದರೆ:

- ಅಗೆತ: ಸುಮಾರು 8.5 ಘನ ಮೀಟರ್, ಅಂದರೆ 300 ಘನ ಅಡಿ
- ತಳದ ಕಾಂಕ್ರೀಟ್: ಸುಮಾರು 0.7 ಘನ ಮೀಟರ್
- ನಡುಗೋಡೆ ಸೇರಿ ಇಟ್ಟಿಗೆ ಕೆಲಸ: ಸುಮಾರು 2.8 ಘನ ಮೀಟರ್. ಘನ ಮೀಟರಿಗೆ 500 ಇಟ್ಟಿಗೆಯಂತೆ 1,400. ಒಡಕು-ತುಂಡು ಸೇರಿ 1,500 ತರಿಸಬೇಕು
- ಒಳಗಿನ ಸಿಮೆಂಟ್ ಗಿಲಾವು: ಸುಮಾರು 15 ಚದರ ಮೀಟರ್
- ಮುಚ್ಚುವ ಸ್ಲ್ಯಾಬು: ಸುಮಾರು 0.33 ಘನ ಮೀಟರ್

ನಡುಗೋಡೆ ಬೇಕಾದದ್ದು ಟ್ಯಾಂಕು 2,000 ಲೀಟರ್ ದಾಟಿದ್ದರಿಂದ. ಮನೆಯ ಕಡೆಯಿಂದ ಉದ್ದದ ಮೂರರಲ್ಲಿ ಎರಡು ಪಾಲು ಬಿಟ್ಟು ಅದನ್ನು ಏರಿಸಬೇಕು. ಮೊದಲ ಕೋಣೆಯಲ್ಲಿ ಹೂಳು ಕೂರುತ್ತದೆ, ಎರಡನೆಯದರಲ್ಲಿ ನೀರು ತಿಳಿಯಾಗುತ್ತದೆ. ಇಟ್ಟಿಗೆಗೆ ದೂರ ಹೋಗಬೇಕಿಲ್ಲ. ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಖಾನಾಪುರದಲ್ಲೇ ನೆಲೆಯಾಗುವಷ್ಟು ಆ ಮಣ್ಣು ಹೆಸರುವಾಸಿ. ಜಂಬಿಟ್ಟಿಗೆ ಕಲ್ಲಿನಲ್ಲೂ ಟ್ಯಾಂಕು ಕಟ್ಟಬಹುದು, ಆದರೆ ಅದು ತೂತು ತೂತಾದ ಕಲ್ಲು. ಒಳಗೆ ಗಟ್ಟಿ ಗಿಲಾವು ಮಾಡದಿದ್ದರೆ ಟ್ಯಾಂಕು ಒಸರುತ್ತದೆ, ಹೂಳು ಉಳಿದು ನೀರು ನೇರವಾಗಿ ನೆಲಕ್ಕೆ ಹೋಗುತ್ತದೆ. ಕಟ್ಟಿ ಮುಗಿದ ಮೇಲೆ ಟ್ಯಾಂಕಿಗೆ ನೀರು ತುಂಬಿ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಒಂದು ದಿನ ಬಿಡಬೇಕು. ಮರುದಿನ ನೀರು ಗೆರೆಯಿಂದ ಇಳಿದಿದ್ದರೆ ಗಿಲಾವು ಮತ್ತೆ ಆಗಬೇಕು. ಮೇಲಿನ ಸ್ಲ್ಯಾಬು ಬೀಳುವ ಮೊದಲೇ ಈ ಪರೀಕ್ಷೆ ಮಾಡಬೇಕು.

ಮಳೆಯ ಲೆಕ್ಕ

ಕಣಕುಂಬಿಯಲ್ಲಿ ಮಿಕ್ಕೆಲ್ಲ ಅಂಕಿಗಳನ್ನು ಮೀರಿಸುವುದು ಮಳೆ. ವರ್ಷಕ್ಕೆ 3,000 ಮಿ.ಮೀ. ಎಂದೇ ಹಿಡಿಯೋಣ. ಅದಕ್ಕಿಂತ ಹೆಚ್ಚು ಸುರಿಯುವ ವರ್ಷಗಳೇ ಇಲ್ಲಿ ವಾಡಿಕೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. 100 ಚದರ ಮೀಟರಿನ ಛಾವಣಿಯ ಮೇಲೆ ಅಷ್ಟು ಮಳೆ ಬಿದ್ದರೆ 3 ಲಕ್ಷ ಲೀಟರ್. ಇನ್ನು ಮನೆಯ ಮಲಿನ ನೀರು: ಒಳಚರಂಡಿ ಇರುವ ನಗರಕ್ಕೆ ಹಿಡಿಯುವ ತಲಾ 135 ಲೀಟರಿನಲ್ಲಿ ಶೇ 80 ಹೊರಬರುತ್ತದೆ ಎಂದರೂ 5 ಜನರಿಗೆ ದಿನಕ್ಕೆ 540 ಲೀಟರ್, ವರ್ಷಕ್ಕೆ ಸುಮಾರು 1.97 ಲಕ್ಷ ಲೀಟರ್. ವರ್ಷದ ಛಾವಣಿ ನೀರು ಅದೇ ವರ್ಷದ ಮಲಿನ ನೀರಿನ ಒಂದೂವರೆ ಪಟ್ಟು ಆಯಿತು. ಒಂದೇ ದಿನ 100 ಮಿ.ಮೀ. ಮಳೆ ಬಂದರೆ ಛಾವಣಿಯಿಂದ ಇಳಿಯುವ 10,000 ಲೀಟರ್ ನಮ್ಮ ಟ್ಯಾಂಕನ್ನು ನಾಲ್ಕು ಸಲ ತೊಳೆದು ಹಾಕುತ್ತದೆ. ಆದ್ದರಿಂದ ಮಾಡಿನ ನೀರಿನ ಪೈಪು ಯಾವ ಕಾರಣಕ್ಕೂ ಟ್ಯಾಂಕಿಗಾಗಲಿ ಇಂಗುಗುಂಡಿಗಾಗಲಿ ಸೇರಬಾರದು. ವ್ಯಾಲ್ಯುಯರ್ ಮನೆಯ ಸುತ್ತ ಒಂದು ಸುತ್ತು ಹಾಕಿದರೆ ಕಣ್ಣಿಗೆ ಬೀಳುವ ಸಂಗತಿ ಇದು.

ಇಂಗುಗುಂಡಿಗೆ ಉಪವಿಧಿಗಳ ಕನಿಷ್ಠ ಅಳತೆ 90 ಸೆಂ.ಮೀ. ಅಡ್ಡಗಲ, ಒಳಬರುವ ಪೈಪಿನ ಕೆಳಗೆ 1 ಮೀಟರ್ ಆಳ. ಅದರ ಸುತ್ತುಗೋಡೆಯ ವಿಸ್ತೀರ್ಣ 2.83 ಚದರ ಮೀಟರ್. ಅಷ್ಟು ಸಾಕೇ ಎಂಬುದನ್ನು ಮಣ್ಣು ಹೇಳಬೇಕು, ಅದಕ್ಕೆ ಒಂದು ಪರೀಕ್ಷೆ ಇದೆ. ಇಂಗಿಸುವ ಆಳದವರೆಗೆ 10ರಿಂದ 30 ಸೆಂ.ಮೀ. ಅಗಲದ ಕುಳಿ ತೋಡಬೇಕು. ಬದಿಯನ್ನು ಚಾಕುವಿನಿಂದ ಕೆರೆದು ಒರಟು ಮಾಡಿ, ತಳಕ್ಕೆ 5 ಸೆಂ.ಮೀ. ಜಲ್ಲಿ ಹಾಸಿ, ಅದರ ಮೇಲೆ 30 ಸೆಂ.ಮೀ. ನೀರು ತುಂಬಿ ಒಂದು ರಾತ್ರಿ ಮಣ್ಣು ನೆನೆಯಲು ಬಿಡಬೇಕು. ಮರುದಿನ ನೀರನ್ನು 15 ಸೆಂ.ಮೀ. ಮಟ್ಟಕ್ಕೆ ತಂದು ಅದು ಇಳಿಯುವುದನ್ನು ಗಡಿಯಾರ ಹಿಡಿದು ನೋಡಬೇಕು. ನೀರು 25 ಮಿ.ಮೀ. ಇಳಿಯಲು ಹಿಡಿದ ನಿಮಿಷಗಳೇ ಆ ಮಣ್ಣಿನ ಅಂಕಿ. 204ನ್ನು ಆ ಅಂಕಿಯ ವರ್ಗಮೂಲದಿಂದ ಭಾಗಿಸಿದರೆ ಒಂದು ಚದರ ಮೀಟರ್ ಮಣ್ಣು ದಿನಕ್ಕೆ ಎಷ್ಟು ಲೀಟರ್ ಕುಡಿಯುತ್ತದೆ ಎಂಬುದು ಸಿಗುತ್ತದೆ.

ದಿನದ 540 ಲೀಟರಿಗೆ ಈ ಲೆಕ್ಕ ಹಾಕಿದರೆ, 9 ನಿಮಿಷ ಬಂದ ಮಣ್ಣಿನಲ್ಲಿ 68 ಲೀಟರಿನಂತೆ ಸುಮಾರು 8 ಚದರ ಮೀಟರ್ ಬೇಕು. ಕನಿಷ್ಠ ಅಳತೆಯ ಗುಂಡಿ ಒಂದಲ್ಲ, ಮೂರು. 25 ನಿಮಿಷ ಬಂದರೆ 13 ಚದರ ಮೀಟರ್. ಆಗ ಗುಂಡಿ ಬಿಟ್ಟು 60 ಸೆಂ.ಮೀ. ಅಗಲದ ಜಲ್ಲಿ ಕಾಲುವೆ ಮಾಡುವುದಾದರೆ 22 ಮೀಟರ್ ಉದ್ದ ಬೇಕು. ಒಂದೇ ಕಾಲುವೆ 30 ಮೀಟರ್ ದಾಟಬಾರದು. 60 ನಿಮಿಷ ಮೀರಿದರೆ ಆ ನೆಲ ಇಂಗಿಸಲು ತಕ್ಕದ್ದಲ್ಲ. ಮಾನಕ ಅಲ್ಲಿ ನೆಲದ ಮೇಲೆ ಕಟ್ಟುವ ಶೋಧಕವನ್ನು ಸೂಚಿಸುತ್ತದೆ.

ಪರೀಕ್ಷೆ ಯಾವ ತಿಂಗಳಲ್ಲಿ ಮಾಡಿದರು ಎಂಬುದೇ ಕಣಕುಂಬಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಏಪ್ರಿಲಿನಲ್ಲಿ ಕೆಂಪು ಮಣ್ಣು ಕೊಡಗಟ್ಟಲೆ ನೀರು ಹೀರುತ್ತದೆ, ಜುಲೈಯಲ್ಲಿ ಅದೇ ಕುಳಿಯೊಳಗೆ ನೀರು ತಾನಾಗಿ ಏರುತ್ತದೆ. ಅಂತರ್ಜಲ ನೆಲಮಟ್ಟದಿಂದ 1.8 ಮೀಟರಿನ ಒಳಗೆ ಬರುವ ಜಾಗದಲ್ಲಿ ಗುಂಡಿ ತೋಡಬಾರದು, ಕಾಲುವೆಯನ್ನು ನೆಲದ ಮೇಲೆ ದಿಬ್ಬ ಮಾಡಿ ಅದರೊಳಗೆ ಕೂರಿಸಬೇಕು ಎಂದು ಐಎಸ್ 2470 ಹೇಳುತ್ತದೆ. ಮಲೆನಾಡಿನ ಮನೆಗೆ ಇದೇ ಸರಿಯಾದ ದಾರಿ. ಆದರೆ ದಿಬ್ಬಕ್ಕೆ ಜಾಗ ಬೇಕು, ತಂದು ಸುರಿಯುವ ಮಣ್ಣು ಬೇಕು, ಅದು ಎಸ್ಟಿಮೇಟಿನಲ್ಲಿ ಬರಬೇಕು. ಬಾವಿಯ ಆಗಸ್ಟ್ ತಿಂಗಳ ನೀರಿನ ಮಟ್ಟ ಎಷ್ಟು ಎಂದು ಮನೆಯ ಅಜ್ಜಿಯನ್ನೋ ನೆರೆಯವರನ್ನೋ ಕೇಳಿ ವರದಿಯಲ್ಲಿ ಬರೆದರೆ ಅದೇ ದೊಡ್ಡ ಮಾಹಿತಿ.

ಬೆಳಗಾವಿಯ ಹೊಸ ಬಡಾವಣೆಗಳಲ್ಲಿ

ನಗರದಲ್ಲಿ ಒಳಚರಂಡಿ ಇರುವ ಬೀದಿಯ ಮನೆಗೆ ಪ್ರಶ್ನೆ ಬೇರೆ. ಮನೆಯ 4 ಇಂಚಿನ ಪೈಪಿಗೆ 40ಕ್ಕೆ 1, 6 ಇಂಚಿನದಕ್ಕೆ 60ಕ್ಕೆ 1 ಇಳಿಜಾರು ಎಂಬುದು ಪ್ಲಂಬರುಗಳು ಬಳಸುವ ಹಳೆಯ ನಿಯಮ. 4 ಇಂಚಿನ ಪೈಪು 10 ಮೀಟರ್ ಸಾಗಿದರೆ 25 ಸೆಂ.ಮೀ. ಇಳಿಯಬೇಕು. ಬೀದಿಯ ಮ್ಯಾನ್‌ಹೋಲಿನ ತಳ ಅದಕ್ಕಿಂತ ಕೆಳಗಿದೆಯೇ ಎಂದು ಪ್ಲಿಂತ್ ಎತ್ತರ ನಿಗದಿ ಮಾಡುವ ಮೊದಲು ನೋಡಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಬೀದಿಯ ನೀರೇ ಮನೆಯೊಳಕ್ಕೆ ತಿರುಗುತ್ತದೆ. ಬಳ್ಳಾರಿ ನಾಲೆಯ ಆಸುಪಾಸಿನಲ್ಲಿ ಜಾಗ ಕೊಳ್ಳುವವರು ನಮೂನೆಯ ‘ಮುಳುಗುವ ಜಾಗವೇ’ ಎಂಬ ಸಾಲನ್ನೂ ‘ಒಳಚರಂಡಿ’ ಎಂಬ ಸಾಲನ್ನೂ ಒಟ್ಟಿಗೆ ಓದಬೇಕು. ಬಡಾವಣೆಯಲ್ಲಿ ಪೈಪು ಹೂತಿದ್ದಾರೆ ಎಂದರೆ ಅದು ನಗರದ ಜಾಲಕ್ಕೆ ಕೂಡಿದೆ ಎಂದಲ್ಲ. ಸಂಪರ್ಕ ಮಂಜೂರಾತಿಯ ಕಾಗದ ಕೈಯಲ್ಲಿದ್ದರೆ ಮಾತ್ರ ‘ಇದೆ’ ಎಂದು ಬರೆಯಬೇಕು.

ಕಂತಿನಲ್ಲಿ ಎಷ್ಟು

ಟ್ಯಾಂಕು, ಇಂಗಿಸುವ ವ್ಯವಸ್ಥೆ, ಪೈಪು ಎಲ್ಲ ಸೇರಿ 1 ಲಕ್ಷ ರೂಪಾಯಿ ಆಗುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅದನ್ನು ಎಸ್ಟಿಮೇಟಿನಲ್ಲಿ ಬೇರೆ ಸಾಲಾಗಿ ಬರೆಸಿ, ಬ್ಯಾಂಕು ಶೇ 90 ಕೊಟ್ಟರೆ, ಸಾಲಗಾರನ ಕೈಯಿಂದ ಹೋಗುವುದು 10,000. ಉಳಿದ 90,000ಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 781 ರೂಪಾಯಿ. ಟ್ಯಾಂಕಿಗೆ 2 ಲಕ್ಷ ಆದರೆ ಕಂತೂ ಎರಡರಷ್ಟು. 25 ಲಕ್ಷದ ಮನೆಯಲ್ಲಿ 1 ಲಕ್ಷ ಎಂದರೆ ಶೇ 4.

ಎಸ್ಟಿಮೇಟಿನಲ್ಲಿ ಅದು ಇಲ್ಲದಿದ್ದರೆ ಏನಾಗುತ್ತದೆ? ಬ್ಯಾಂಕು ಹಣ ಬಿಡುವುದು ಹಂತ ಹಂತವಾಗಿ: ಪ್ಲಿಂತ್, ಲಿಂಟಲ್, ಸ್ಲ್ಯಾಬು, ಫಿನಿಶಿಂಗ್. ಟ್ಯಾಂಕು ಸಾಮಾನ್ಯವಾಗಿ ಕೊನೆಗೆ ಬರುವ ಕೆಲಸ. ಆ ಹೊತ್ತಿಗೆ ಸಾಲದ ಹಣ ಟೈಲ್ಸಿಗೂ ಬಣ್ಣಕ್ಕೂ ಹೋಗಿರುತ್ತದೆ, ಗೃಹಪ್ರವೇಶದ ಮುಹೂರ್ತ ಹತ್ತಿರವಾಗಿರುತ್ತದೆ. ಪೂರ್ತಿ 1 ಲಕ್ಷ ಕೈಯಿಂದ ಹಾಕಬೇಕಾದಾಗ ಮನುಷ್ಯ ಮಾಡುವುದು ಒಂದೇ: ನಾಲ್ಕು ಸಿಮೆಂಟ್ ರಿಂಗು ಇಳಿಸಿ ಮೇಲೆ ಕಲ್ಲುಚಪ್ಪಡಿ ಮುಚ್ಚುವುದು. ಅದು ಟ್ಯಾಂಕಲ್ಲ, ತಳವಿಲ್ಲದ ಗುಂಡಿ. ಅಡಿಪಾಯಕ್ಕೆ ಜೆಸಿಬಿ ಬಂದ ದಿನವೇ ಟ್ಯಾಂಕಿನ 300 ಘನ ಅಡಿಯನ್ನೂ ತೋಡಿಸಿದರೆ ಯಂತ್ರದ ಬಾಡಿಗೆ ಒಂದು ಸಲ ಉಳಿಯುತ್ತದೆ. ಪ್ಲಿಂತ್ ಹಂತದ ತಪಾಸಣೆಗೆ ಬಂದ ಎಂಜಿನಿಯರು ತೆರೆದ ಟ್ಯಾಂಕನ್ನು ಕಣ್ಣಾರೆ ಅಳೆದು ನೋಡಬಹುದು.

ಸರ್ಕಾರದ ನೆರವಿನ ಜೊತೆ ಇದನ್ನು ಹೋಲಿಸಿ ನೋಡಬಹುದು. ಸ್ವಚ್ಛ ಭಾರತ ಯೋಜನೆಯಲ್ಲಿ ಮನೆಯ ಶೌಚಾಲಯಕ್ಕೆ ಸಿಗುವ ಪ್ರೋತ್ಸಾಹಧನ 12,000 ರೂಪಾಯಿ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ. ಸಾಲವಿಲ್ಲದೆ ಕಟ್ಟುವ ಬಡ ಕುಟುಂಬ ಇಷ್ಟರಲ್ಲೇ ಎಲ್ಲವನ್ನೂ ಹೊಂದಿಸಬೇಕು. 25 ಲಕ್ಷದ ಮನೆ ಕಟ್ಟುವವರು ಶೇ 4ನ್ನು ಬಿಟ್ಟುಕೊಡಲು ಕಾರಣವೇ ಇಲ್ಲ.

ಕಟ್ಟಿದ ಮೇಲಿನ ಖರ್ಚು

ಹೂಳು ಮತ್ತು ಮೇಲಿನ ಕೆನೆ ಸೇರಿ ಟ್ಯಾಂಕಿನ ಅರ್ಧ ಆಳ ದಾಟಿದರೆ ತೆಗೆಸಬೇಕು. 2,520 ಲೀಟರಿನ ಟ್ಯಾಂಕಿಗೆ ಸಕ್ಕಿಂಗ್ ಗಾಡಿ ಬೆಳಗಾವಿಯಿಂದ ಬರುವುದಾದರೆ ಹೋಗಿಬರಲು 100 ಕಿ.ಮೀ. ಬಾಡಿಗೆಯ ದೊಡ್ಡ ಪಾಲು ಡೀಸೆಲ್‌ಗೇ ಹೋಗುತ್ತದೆ. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ವಾರದಲ್ಲಿ ಕರೆಸಿಕೊಂಡರೆ ಆ ಹೊರೆ ಹಂಚಿಹೋಗುತ್ತದೆ. ಗಾಡಿ ಹೂಳನ್ನು ಎಲ್ಲಿ ಸುರಿಯುತ್ತದೆ ಎಂದೂ ಕೇಳಬೇಕು, ಏಕೆಂದರೆ ಘಾಟಿನ ತಿರುವಿನಲ್ಲಿ ಸುರಿದದ್ದು ಮೊದಲ ಮಳೆಗೆ ಹಳ್ಳಕ್ಕೆ ಇಳಿಯುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ, ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಹೂಳು ಶುದ್ಧೀಕರಣ ಘಟಕ ಇಂಥ ಕೆಲಸ ಚಿಕ್ಕ ಪಟ್ಟಣಕ್ಕೂ ಸಾಧ್ಯ ಎಂದು ತೋರಿಸಿದೆ. ಖಾನಾಪುರದಂಥ ತಾಲ್ಲೂಕಿಗೆ ಅಂಥದ್ದು ಬೇಕೇ ಬೇಕು.

ಟ್ಯಾಂಕು ಖಾಲಿ ಮಾಡಿಸುವ ತಿಂಗಳು ಫೆಬ್ರುವರಿ ಅಥವಾ ಮಾರ್ಚ್ ಆಗಿರಲಿ. ಜುಲೈಯಲ್ಲಿ ಸುತ್ತಲಿನ ನೆಲ ನೀರಿನಿಂದ ತುಂಬಿರುತ್ತದೆ. 2,500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕನ್ನು ಆಗ ಖಾಲಿ ಮಾಡಿದರೆ ಕೆಳಗಿನಿಂದ ಸುಮಾರು 2.5 ಟನ್ ಒತ್ತಡ ಬಿದ್ದು ಅದು ತೇಲಿ ಮೇಲೇಳುತ್ತದೆ, ಪೈಪು ಮುರಿಯುತ್ತದೆ.

ಯಾವ ತಿಂಗಳೇ ಆದರೂ ಮನುಷ್ಯನನ್ನು ಟ್ಯಾಂಕಿನೊಳಗೆ ಇಳಿಸಬಾರದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ 7ನೇ ಕಲಮು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೊಳಿಸುವಿಕೆಗೆ ಯಾರನ್ನೂ ತೊಡಗಿಸಬಾರದು ಎನ್ನುತ್ತದೆ. ಮೊದಲ ಸಲದ ಉಲ್ಲಂಘನೆಗೆ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷ. ಒಳಚರಂಡಿಯ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ ನಿಗದಿ ಮಾಡಿದ್ದ ಪರಿಹಾರ 10 ಲಕ್ಷ. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮುಚ್ಚಿದ ಟ್ಯಾಂಕಿನ ವಿಷಗಾಳಿ ಒಂದೆರಡು ಉಸಿರಿಗೆ ಪ್ರಾಣ ತೆಗೆಯುತ್ತದೆ. ಸ್ಲ್ಯಾಬಿನಲ್ಲಿ ಯಂತ್ರದ ಪೈಪು ಇಳಿಯುವ ಬಾಯಿ, ಗಾಡಿ ಬಂದು ನಿಲ್ಲುವ ದಾರಿ ಇವೆರಡನ್ನೂ ಕಟ್ಟುವಾಗಲೇ ಬಿಟ್ಟರೆ ಯಾರನ್ನೂ ಒಳಗೆ ಇಳಿಸುವ ಸಂದರ್ಭವೇ ಬರುವುದಿಲ್ಲ.

ಕಡತದಲ್ಲಿ ಸೇರಬೇಕಾದ ಆರು ಅಂಕಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ದೇಶದ 351 ಕಲುಷಿತ ನದಿಭಾಗಗಳಲ್ಲಿ ಕರ್ನಾಟಕದವು 17. ಮಲಪ್ರಭೆ ಅವುಗಳಲ್ಲಿ ಒಂದು. ಅದೇ 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕಣಕುಂಬಿಯ ಕಳಸಾ ನಾಲೆಯಿಂದ ಮಲಪ್ರಭೆಗೆ 1.72 ಟಿಎಂಸಿ ಅಡಿ ನೀರು ತಿರುಗಿಸಿಕೊಳ್ಳಲು ಒಪ್ಪಿತು. ಆ ನೀರಿಗಾಗಿ ನಾಡು ದಶಕಗಳ ಕಾಲ ಬೀದಿಗಿಳಿದಿದೆ, ರೈತರು ಲಾಠಿ ಏಟು ತಿಂದಿದ್ದಾರೆ. ಹೊಸ ನೀರಿಗೆ ಅಷ್ಟು ಹೋರಾಡಿದವರು ಇರುವ ನೀರಿನ ಪಕ್ಕದಲ್ಲಿ ತಳವಿಲ್ಲದ ಗುಂಡಿ ತೋಡುವುದನ್ನು ಸಹಿಸಬಾರದು. ಪಂಚಾಯ್ತಿಗೆ ಪ್ರತಿ ಮನೆ ತಪಾಸಿಸುವಷ್ಟು ಸಿಬ್ಬಂದಿ ಇಲ್ಲದಿರಬಹುದು. ಆದರೆ ಸಾಲದಿಂದ ಕಟ್ಟುವ ಪ್ರತಿ ಮನೆಗೂ ಒಬ್ಬ ತಜ್ಞ ಹೇಗೂ ಬರುತ್ತಾನೆ, ಅದೂ ಒಂದಕ್ಕಿಂತ ಹೆಚ್ಚು ಸಲ.

ಆ ತಜ್ಞನ ವರದಿಯಲ್ಲಿ ‘ಸೆಪ್ಟಿಕ್ ಟ್ಯಾಂಕ್’ ಎಂಬ ಒಂದೇ ಪದದ ಜಾಗದಲ್ಲಿ ಆರು ಅಂಕಿ ಬರಲಿ: ಟ್ಯಾಂಕು ಎಷ್ಟು ಲೀಟರ್, ಎಷ್ಟು ಜನರಿಗೆ, ಇಂಗಿಸುವ ಜಾಗದಿಂದ ಅತಿ ಹತ್ತಿರದ ಬಾವಿ ಎಷ್ಟು ಮೀಟರ್, ಮಳೆಗಾಲದಲ್ಲಿ ಅಂತರ್ಜಲ ಎಷ್ಟು ಆಳದಲ್ಲಿ, ಮಣ್ಣಿನ ಪರೀಕ್ಷೆಯಲ್ಲಿ ಎಷ್ಟು ನಿಮಿಷ, ಎಸ್ಟಿಮೇಟಿನಲ್ಲಿ ಎಷ್ಟು ರೂಪಾಯಿ. ಆರೂ ತುಂಬದೆ ಪ್ಲಿಂತ್ ಹಂತದ ಹಣ ಬಿಡುವುದಿಲ್ಲ ಎಂದು ಬೆಳಗಾವಿ ಜಿಲ್ಲೆಯ ಬ್ಯಾಂಕುಗಳು ತೀರ್ಮಾನಿಸಿದರೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಇಲಾಖೆ ಬೇಕಿಲ್ಲ. ಬ್ಯಾಂಕು ಕೇಳದಿದ್ದರೂ ಮನೆ ಕಟ್ಟುವವರು ಈ ಆರನ್ನು ತಾವೇ ಬರೆದು ನಕ್ಷೆಗೆ ಲಗತ್ತಿಸಬಹುದು. ತಿಂಗಳಿಗೆ 781 ರೂಪಾಯಿಗೆ ತಮ್ಮ ಬಾವಿಯೂ ನೆರೆಯವರ ಬಾವಿಯೂ ಉಳಿಯುತ್ತವೆ.